ಅಪ್ಪನಿಗೆ ಬರೆಸಿದ ಬಿಳಿ ಕೈ

ಶನಿವಾರ, ರಾತ್ರಿ.

ತಮ್ಮನಿಗೆ ಕಾಗದ ಬರೆಯೋಣವೆಂದು ಕೂತೆ. ಅವನ ಕ್ಷೇಮ ಕೇಳಲು ಇವತ್ತು ಮನಸ್ಸೇ ಬರಲಿಲ್ಲ. ಅದಕ್ಕೇ ಈ ದಿನಚರಿಯಲ್ಲಿ ಕಾರಿಕೊಳ್ಳುತ್ತಿದ್ದೇನೆ.

ತೀರಿಹೋದ ಅಪ್ಪನ ಚಿತ್ರ ಬರೆಸಿದ್ದಾನೆ, ಆಳೆತ್ತರದ್ದು. ಸಂಜೆ ತನ್ನ ಮನೆಗೆ ಕರೆದು ತೋರಿಸಿದ. ಮಖಮಲ್ಲಿನ ನಿಲುವಂಗಿಯಂತೆ, ಸೊಂಟದ ಮೇಲೆ ಕೈಯಂತೆ, ಒಂದು ಕಾಲು ಮುಂದಂತೆ. ನಾವೆಲ್ಲ ಆಳುಗಳೇನೋ ಅನ್ನುವ ಹಾಗೆ ಚಿತ್ರದೊಳಗಿನ ಅಪ್ಪ ಗದ್ದ ಎತ್ತಿ ನೋಡುತ್ತಿದ್ದಾನೆ. ಜೀವಮಾನವೆಲ್ಲ ಬಣ್ಣದ ತೊಟ್ಟಿಯ ಮೇಲೆ ಬಗ್ಗಿ ಬಟ್ಟೆ ಅದ್ದಿದ ನಮ್ಮಪ್ಪ! ಅದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಮೊಣಕೈವರೆಗೂ ನೀಲಿಯಾಗಿದ್ದ ಆ ಕೈ ಹಾಲಿನ ಹಾಗೆ ಬೆಳ್ಳಗಿದೆ. ಬೆರಳಿಗೆ ಉಂಗುರ ಬೇರೆ.

“ಇದ್ಯಾರ ಕೈಯೋ?” ಅಂದೆ.

“ಅಕ್ಕಾ, ದೊಡ್ಡ ಮನೆತನದವರ ಚಿತ್ರ ಇರೋದೇ ಹೀಗೆ. ಕೈ ನೋಡಿದ್ರೆ ಕೆಲಸ ಮಾಡಿದವರು ಅಂತ ಗೊತ್ತಾಗಬಾರದು.”

“ಹಾಗಾದ್ರೆ ನಿನ್ನನ್ನ ಸಾಕಿದ್ದು ಯಾರು, ಆ ಉಂಗುರಾನಾ?”

ಅವನ ಹೆಂಡತಿ ಕಿಸಕ್ಕನೆ ನಕ್ಕುಬಿಟ್ಟಳು. ಅವನು ಮುಖ ಊದಿಸಿಕೊಂಡ. “ನಾಳೆ ನೆಂಟರ ಮುಂದೆ ಚಿತ್ರದ ಪರದೆ ಸರಿಸೋದು ನೀನೇ. ಮರ್ಯಾದೆ ಕಳೀಬೇಡ.”

ಯಾರ ಮರ್ಯಾದೆ? ಶಾಲೆಯ ಬಾಗಿಲಲ್ಲಿ ಆ ನೀಲಿ ಕೈ ಕಂಡರೆ ಸಾಕು, ಓಡಿ ಹೋಗಿ ಹಿಡಿದುಕೊಳ್ಳುತ್ತಿದ್ದವನು ಇವನೇ. ಆಗ ಇಲ್ಲದ ನಾಚಿಕೆ ಈಗ ಎಲ್ಲಿಂದ ಬಂತು? ಮೈಯೆಲ್ಲ ಉರಿಯುತ್ತಿದೆ.

ನಾನಂತೂ ಪರದೆ ಮುಟ್ಟುವುದಿಲ್ಲ. ಬೆಳಗಾದ ಕೂಡಲೇ ದಿನಚರಿಯಿಂದ ಈ ಹಾಳೆಯನ್ನೇ ಹರಿದು ಅವನ ಮನೆಗೆ ಕಳಿಸುತ್ತೇನೆ. ತಮ್ಮಾ, ಆ ಕೈಗೆ ನೀಲಿ ಹಚ್ಚಿಸುತ್ತೀಯೋ ಇಲ್ಲವೋ, ನೆಂಟರು ಬರುವುದರೊಳಗೆ ಎರಡು ಸಾಲು ಬರೆದು ತಿಳಿಸು. ಇಲ್ಲವಾದರೆ, ಅಪ್ಪನನ್ನು ಬರೆಸಿಕೊಂಡ ಹಾಗೆ ಅಕ್ಕನೊಬ್ಬಳನ್ನೂ ಬರೆಸಿಕೋ.