ಉದಾರವಾದದ ಪಾಠ, ಅಮ್ಮನ ತೋಳು

ಜುಲೈ 6, 2021, ಮಂಗಳವಾರ

ಮೂರನೇ ಸಲ ರೆಕಾರ್ಡಿಂಗ್. ಮೊದಲ ಸಲ ಕುಕ್ಕರ್ ಕೂಗಿತು. ಎರಡನೇ ಸಲ ನಾನೇ ಮ್ಯೂಟಿನಲ್ಲಿದ್ದೆ, ಇಡೀ ಪಾಠ ಗೋಡೆಗೆ. ಥೂ.

ಕಾಲೇಜಿನ ಮಕ್ಕಳಿಗೆ ಈ ವಾರ ಉದಾರವಾದದ ಹುಟ್ಟು. ಯಾರೋ ಒಬ್ಬ ಜಾಣ ಮೇಜಿನ ಮುಂದೆ ಕೂತು ಬರೆದದ್ದು ಅಂದುಕೊಂಡಿದ್ದಾರೆ. ಅಲ್ಲ ಮಾರಾಯ್ರೇ! ಸುಸ್ತಿನಿಂದ ಹುಟ್ಟಿದ್ದು ಅದು. ಯುರೋಪಿನಲ್ಲಿ ನಿನ್ನ ಪ್ರಾರ್ಥನೆ ಸರಿಯೋ ನನ್ನದು ಸರಿಯೋ ಅಂತ ತಲೆಮಾರುಗಟ್ಟಲೆ ಕಡಿದಾಡಿದರು. ಕಡೆಗೆ ಕೈಸೋತು, ನಿನ್ನದು ನಿನಗೆ ನನ್ನದು ನನಗೆ ಅಂದರು. ಇಂಗ್ಲೆಂಡಿನಲ್ಲಿ ಒಬ್ಬ ರಾಜನ ತಲೆ ಹೋಯಿತು, ಇನ್ನೊಬ್ಬ ಓಡಿಹೋದ. ಆಳುವವನ ಅಧಿಕಾರ ಬರುವುದು ಜನರ ಒಪ್ಪಿಗೆಯಿಂದ — ಈ ಒಂದು ಮಾತಿಗೆ ಅಷ್ಟೆಲ್ಲ ರಕ್ತ. ಚೆನ್ನಾಗಿ ಹೇಳಿದೆ. ನನಗೇ ಖುಷಿಯಾಯಿತು.

ನಾವಿರುವ ಈ ಮಲಯ್ ದೇಶದ ಊರು, ಪೆಟಾಲಿಂಗ್ ಜಯಾ, ಪೂರ್ತಿ ಬಂದ್. ಉಡುಪಿಯಿಂದ ಒಂದು ತಿಂಗಳಿಗೆಂದು ಬಂದ ಅಮ್ಮ ವಿಮಾನ ನಿಂತು ಇಲ್ಲೇ ಉಳಿದಿದ್ದಾಳೆ, ಎರಡನೇ ವರ್ಷ. ಸಕ್ಕರೆ ಕಾಯಿಲೆ ಬೇರೆ. ಕೆಳಗಿನ ಮಹಡಿಯ ತಮಿಳು ತಾತ ಮೊನ್ನೆ ಕೋವಿಡ್‌ನಲ್ಲಿ ಹೋದರು. ಅವತ್ತಿಂದ ಅಮ್ಮ ಒಮ್ಮೆ ಕೆಮ್ಮಿದರೂ ಎದೆ ಧಸಕ್ ಅನ್ನುತ್ತದೆ.

ಜುಲೈ 9

ಹೆಂಡತಿ ವೇದಾ ಆಸ್ಪತ್ರೆ ಡ್ಯೂಟಿ ಮುಗಿಸಿ ಬಂದಳು. ಮುಖದಲ್ಲಿ ಮಾಸ್ಕಿನ ಗೆರೆ ಹಾಗೇ ಕೂತಿದೆ. ವಾರ್ಡಿನಲ್ಲಿ ಜಾಗ ಇಲ್ಲವಂತೆ. "ಅತ್ತೆಗೆ ಲಸಿಕೆ ಇನ್ನು ತಡ ಮಾಡ್ಬೇಡಿ. ಅವರ ಹತ್ರ ಮಾತಾಡಿ" ಅಂದಳು.

ಅಮ್ಮನ ಹೆಸರು ನನ್ನ ಫೋನಿನ ಲಸಿಕೆ ಆ್ಯಪಿನಲ್ಲಿ ಎಂದೋ ಸೇರಿಸಿಟ್ಟಿದ್ದೆ. ಇವತ್ತೇ ದಿನ ಬಂತು — ಜುಲೈ 20. ಒಪ್ಪಿಗೆಯೇ ಅಂತ ಕೇಳಿತು. ಒತ್ತಿದೆ. ಅಬ್ಬ, ಒಂದು ಕೆಲಸ ಮುಗಿಯಿತು.

ಜುಲೈ 10

ಮುಗಿಯಲಿಲ್ಲ.

ಜುಲೈ 20 ಪ್ರಥಮ ಏಕಾದಶಿ! ಪಂಚಾಂಗ ಫ್ರಿಜ್ಜಿನ ಪಕ್ಕವೇ ನೇತಾಡುತ್ತಿದೆ. ಅವತ್ತು ಅಮ್ಮ ಹನಿ ನೀರೂ ಮುಟ್ಟುವವಳಲ್ಲ.

"ಎಂತ ದಿನ ಸಿಕ್ಕಿತು ನಿಂಗೆ?"

"ನಾನು ಆರಿಸಿದ್ದಲ್ಲ ಅಮ್ಮ. ಆ್ಯಪ್ ಕೊಟ್ಟದ್ದು."

"ಆ್ಯಪಿಗೆ ಏಕಾದಶಿ ಗೊತ್ತಿಲ್ಲ, ಸರಿ. ನಿಂಗೂ ಗೊತ್ತಿಲ್ವಾ? ನನ್ನನ್ನು ಒಂದು ಮಾತು ಕೇಳ್ಲಿಕ್ಕೆ ಎಂತ ಆಗಿತ್ತು?"

"ನಿನ್ನ ಒಳ್ಳೇದಕ್ಕೇ ಮಾಡಿದ್ದು."

"ನನ್ನ ಒಳ್ಳೇದು ನಂಗೆ ಗೊತ್ತುಂಟು. ನಾನು ಬರುವುದಿಲ್ಲ." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಗಳು ಚೈತನ್ಯಾ ಇಯರ್‌ಫೋನ್ ತೆಗೆದು, "ಅಪ್ಪ, ಯು ನೆವರ್ ಆಸ್ಕ್ ಹರ್ ಲಾ" ಅಂದಳು, ಇಲ್ಲಿನವರ ಹಾಗೆ ಕೊನೆಗೊಂದು ಲಾ ಸೇರಿಸಿ. ನಿನ್ನ ಕ್ಲಾಸ್ ನೋಡಿಕೋ ಅಂತ ರೇಗಿದೆ.

ಜುಲೈ 14

ಅಮ್ಮ ಮಾತು ಬಿಟ್ಟಿದ್ದಾಳೆ. ತಂಬುಳಿ ಬಡಿಸುತ್ತಾಳೆ, ಮುಖ ನೋಡುವುದಿಲ್ಲ.

ಇವತ್ತು ಲೈವ್ ಕ್ಲಾಸ್. ವ್ಯಾಪಾರದ ಭಾಗ. ಅರಸರು ತಮಗೆ ಬೇಕಾದ ಕಂಪನಿಗಳಿಗೆ ಬರೆದುಕೊಟ್ಟ ಏಕಸ್ವಾಮ್ಯ, ಅದರ ಮೇಲೆ ಎದ್ದ ಸಿಟ್ಟು, ಹೊರಗಿನ ಗೋಧಿಯ ಮೇಲಿನ ಸುಂಕ ಕಿತ್ತುಹಾಕಲು ಇಂಗ್ಲೆಂಡಿನಲ್ಲಿ ನಡೆದ ಚಳವಳಿ... ಪೆನಾಂಗಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಸರ್, ಈಸ್ಟ್ ಇಂಡಿಯಾ ಕಂಪನಿ ನಮ್ಮೂರನ್ನು ಸುಂಕ ಇಲ್ಲದ ಬಂದರು ಮಾಡಿತಲ್ಲ. ಅಲ್ಲಿದ್ದವರನ್ನು ಕೇಳಿದ್ರಾ?"

ಒಳ್ಳೆ ಪ್ರಶ್ನೆ ಅಂದೆ. ಉದಾರವಾದಕ್ಕೆ ಅಂಟಿದ ದೊಡ್ಡ ಕಲೆ ಅದೇ. ತಮ್ಮ ಮನೆಯಲ್ಲಿ ಒಪ್ಪಿಗೆಯ ಮಾತು. ನಮ್ಮಂಥವರ ಊರಿಗೆ ಬಂದಾಗ ಮಾತ್ರ — ಇವರಿಗೆ ತಿಳಿಯುವುದಿಲ್ಲ, ಇವರ ಒಳ್ಳೆಯದು ನಮಗೆ ಗೊತ್ತು... ಅಲ್ಲಿಗೆ ನಾಲಿಗೆ ತಡವರಿಸಿತು. ನೆಟ್‌ವರ್ಕ್ ಹೋಯಿತೇನೋ ಅಂದುಕೊಂಡರು ಮಕ್ಕಳು. ನಾನು ಅಡುಗೆಮನೆ ಕಡೆ ನೋಡುತ್ತಾ ಕೂತಿದ್ದೆ. ನಾಚಿಕೆಯಾಯಿತು.

ಜುಲೈ 15

ಅಮ್ಮನ ಮುಂದೆ ಫೋನ್ ಇಟ್ಟು ಕೂತೆ. "ಕೇಳದೆ ಒತ್ತಿದ್ದು ತಪ್ಪಾಯ್ತು. ಬೇಡ ಅಂದ್ರೆ ಈಗಲೇ ತೆಗೀತೇನೆ. ಆದ್ರೆ ನಂಗೆ ಹೆದರಿಕೆ ಆಗ್ತದೆ ಅಮ್ಮ."

ಅಮ್ಮ ಫೋನನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ವೇದಾಳನ್ನು ಕರೆದಳು. ನನಗೆ ಹೊರಗೆ ಹೋಗು ಅಂತ ಸನ್ನೆ! ಬಾಗಿಲ ಸಂದಿಯಲ್ಲಿ ಕಿವಿ ಇಟ್ಟೆ. ಉಪವಾಸಕ್ಕೆ ಸೂಜಿ ಆಗುತ್ತದಾ? ತಲೆ ತಿರುಗಿದರೆ? ವೇದಾ ಸಮಾಧಾನವಾಗಿ ಹೇಳುತ್ತಿದ್ದಳು, "ಖಾಲಿ ಹೊಟ್ಟೆ ಮಾತ್ರ ಬೇಡ ಅತ್ತೆ. ನಿಮ್ಮ ಸಕ್ಕರೆ ಇಳಿದ್ರೆ ಕಷ್ಟ."

"ಯೋಚನೆ ಮಾಡ್ತೇನೆ" ಅಂದಳು ಅಮ್ಮ. ಅಲ್ಲಿಯವರೆಗೆ ನನ್ನ ಗತಿ ಏನು?

ಜುಲೈ 18

ಒಪ್ಪಿದಳು! ಒಪ್ಪಿದಳು!

"ಹಾಲು ಹಣ್ಣು ತಗೊಂಡು ಬರ್ತೇನೆ. ಅಶಕ್ತರಿಗೆ ಶಾಸ್ತ್ರದಲ್ಲೇ ಅವಕಾಶ ಉಂಟು. ನೀ ಹೇಳಿದ್ದಕ್ಕಲ್ಲ, ತಿಳ್ಕೋ. ನನ್ನಿಂದ ಆ ಕೂಸಿಗೆ ಬಂದ್ರೆ ಎಂತ ಮಾಡುವುದು?"

ಕೂಸು ಅಂದರೆ ಚೈತನ್ಯಾ. ಹದಿನಾರು ವರ್ಷ, ನನಗಿಂತ ಎತ್ತರ.

ಇನ್ನೊಬ್ಬರಿಗೆ ಹಾನಿಯಾಗುವಲ್ಲಿ ನನ್ನ ಸ್ವಾತಂತ್ರ್ಯ ನಿಲ್ಲಬೇಕು — ಹತ್ತೊಂಬತ್ತನೇ ಶತಮಾನದ ಆ ಪಾಠಕ್ಕೆ ವಾರದಿಂದ ಉದಾಹರಣೆ ಹುಡುಕುತ್ತಿದ್ದೆ. ಇರಲಿ, ಇದನ್ನು ಸ್ಲೈಡಿಗೆ ಹಾಕುವುದಿಲ್ಲ. ಎದೆಭಾರ ಇಳಿಯಿತು. ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡೆ.

ಜುಲೈ 20, ಸಂಜೆ

ಹರಿ ರಾಯ ಹಾಜಿ, ಅಂದರೆ ನಮ್ಮ ಕಡೆಯ ಬಕ್ರೀದ್ ರಜೆ, ರಸ್ತೆ ಖಾಲಿ. ದೊಡ್ಡ ಹಾಲ್, ದೂರ ದೂರ ಕುರ್ಚಿ. ಮಲಯ್ ಡಾಕ್ಟರ್ ಹುಡುಗಿ ನನ್ನ ಮುಖ ನೋಡಿ, "ಆಂಟಿ ಅಗ್ರೀಸ್?" ಅಂದಳು. ಬಾಯಿ ತೆರೆದೆ. ಮುಚ್ಚಿದೆ. ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ — ನಿನ್ನನ್ನು ಕೇಳ್ತಿದ್ದಾರೆ.

ಅಮ್ಮ ರವಿಕೆಯ ತೋಳು ಮೇಲೇರಿಸಿದಳು. "ಇವತ್ತು ಊರಲ್ಲಿದ್ರೆ ಮಠದಲ್ಲಿ ತೋಳಿಗೆ ಶಂಖ-ಚಕ್ರದ ಬಿಸಿ ಮುದ್ರೆ ಹಾಕಿಸ್ಕೊಳ್ತಿದ್ದೆ. ಅಲ್ಲಿಯೂ ಕೈ ನಾವೇ ಚಾಚುವುದು, ಯಾರೂ ಹಿಡಿದು ಒತ್ತುವುದಿಲ್ಲ. ಅದರ ಮುಂದೆ ಇದೆಂತ ಮಹಾ! ಹಾಕು ಮಗಾ."

ಡಾಕ್ಟರಿಗೆ ಒಂದಕ್ಷರ ಅರ್ಥವಾಗಲಿಲ್ಲ, ಆದರೆ ನಕ್ಕಳು. ನನಗೆ ಮಾಸ್ಕಿನೊಳಗೆ ಅಳು ಬಂತು. ಒಳ್ಳೆಯದೇ ಆಯಿತು, ಯಾರಿಗೂ ಕಾಣಲಿಲ್ಲ.

ಜುಲೈ 21, ಬೆಳಿಗ್ಗೆ

ಜ್ವರ ಇಲ್ಲ. ತೋಳು ಸ್ವಲ್ಪ ನೋವು, ಅಷ್ಟೆ. ದೇವರು ದೊಡ್ಡವನು. ದ್ವಾದಶಿ ಪಾರಣೆಗೆ ತಾನೇ ಅಡುಗೆ ಮಾಡುತ್ತೇನೆಂದು ಎದ್ದಿದ್ದಾಳೆ, ವೇದಾ ಬೈದು ಕೂರಿಸಿದಳು.

ಈಗಷ್ಟೇ ಫೋನ್ ಟಣ್ ಅಂತು. ಎರಡನೇ ಡೋಸಿನ ದಿನ ಬಂದಿದೆ. ನಾನು ಮುಟ್ಟಲಿಲ್ಲ, ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡಳು. ಪಂಚಾಂಗ ನೋಡಿದಳು. ಒತ್ತಲು ಬೆರಳು ಎತ್ತಿದವಳು ತಡೆದು, ನನ್ನ ಕಡೆ ತಿರುಗಿ ಕೇಳುತ್ತಿದ್ದಾಳೆ — "ಕಾರು ಬಿಡುವವನು ನೀನಲ್ವಾ? ಅವತ್ತು ನಿಂಗೆ ಪಾಠ ಉಂಟೋ ಎಂತದೋ. ನಿನ್ನನ್ನು ಕೇಳದೆ ನಾನು ಹೇಗೆ—"