ಮೂರಡಿ ರ‍್ಯಾಂಪಿನ ಶಾಲೆ ಮತ್ತು ಒಬ್ಬ ತಾಯಿಯ ಹೊಟ್ಟೆಕಿಚ್ಚು

ಮಾನ್ಯ ಮುಖ್ಯೋಪಾಧ್ಯಾಯಿನಿಯವರೇ,

ನಿಮ್ಮ ಶಾಲೆಯ ಗಾಲಿಯ ಸ್ಪೀಕರ್ ಪೆಟ್ಟಿಗೆಯ ಮೇಲೆ ನನಗೆ ಹೊಟ್ಟೆಕಿಚ್ಚು. ಮುಚ್ಚುಮರೆ ಏನೂ ಇಲ್ಲ. ವೀಲ್‌ಚೇರ್‌ನಲ್ಲಿ ಬರುವ ಪೋಷಕರಿಗೆಂದು ನೀವು ತರಿಸಿದ ಮಡಚುವ ರ‍್ಯಾಂಪಿನ ಮೇಲೆ ಅದು ವಾರಕ್ಕೆರಡು ಸಲ ಉರುಳಿಕೊಂಡು ಸಭಾಂಗಣಕ್ಕೆ ಹೋಗುತ್ತದೆ. ವೀಲ್‌ಚೇರ್‌ನಲ್ಲಿ ಬರುವ ಏಕೈಕ ಪೋಷಕಿಯಾದ ನಾನು ಮಾತ್ರ ಮೂರು ಸಭೆಗಳಿಂದ ಸೈಕಲ್ ಸ್ಟ್ಯಾಂಡಿನ ಪಕ್ಕ ಕುಳಿತಿದ್ದೇನೆ. ಸ್ಪೀಕರ್‌ಗೆ ನಿಮ್ಮ ಶಾಲೆಯಲ್ಲಿ ಓದುವ ಮಕ್ಕಳಿಲ್ಲ ಎಂಬುದು ನನ್ನ ತಿಳಿವಳಿಕೆ, ತಪ್ಪಿದ್ದರೆ ತಿದ್ದಿ.

ರ‍್ಯಾಂಪ್ ತರಿಸುವ ಮುನ್ನ ನೀವು ನನ್ನನ್ನೇ ಕೇಳಿದ್ದಿರಿ. ಅದು ನಿಮ್ಮ ದೊಡ್ಡತನ. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಕತ್ತರಿಸಿ ಫ್ರೇಮಿಗೆ ಕೂರಿಸುವವಳು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಗಿರಾಕಿಗೆ ತಲೆನೋವು. ಅದೇ ಶ್ರದ್ಧೆಯಿಂದ ನಿಮ್ಮ ಸಭಾಂಗಣದ ಎರಡು ಮೆಟ್ಟಿಲುಗಳನ್ನು ಅಳೆದು ಬರೆದುಕೊಟ್ಟೆ. ಒಟ್ಟು ಎತ್ತರ ಹನ್ನೆರಡು ಅಂಗುಲ. ಅಂಗುಲಕ್ಕೊಂದು ಅಡಿಯಂತೆ ಹನ್ನೆರಡು ಅಡಿ ಉದ್ದವಿದ್ದರೆ ನನ್ನ ಪಾಡಿಗೆ ನಾನೇ ಏರಿ ಬರುತ್ತೇನೆ. ಅಷ್ಟಾಗದಿದ್ದರೆ, ಹಿಂದಿನಿಂದ ಯಾರಾದರೂ ಗಟ್ಟಿಯಾಗಿ ತಳ್ಳುವುದಾದರೆ, ಆರಡಿಗಿಂತ ಕಡಿಮೆ ಬೇಡವೇ ಬೇಡ. ಮೇಲ್ಮೈ ಒರಟಾಗಿರಲಿ, ಅಂಚಿಗೆ ತಡೆಪಟ್ಟಿ ಇರಲಿ, ಮೇಲಿನ ತುದಿ ಹೊಸ್ತಿಲ ಮೇಲೆ ಭದ್ರವಾಗಿ ಕೂರಲಿ. ಬಂದದ್ದು ಮೂರಡಿಯದು. ಏಕೆಂದು ಕೇಳಿದರೆ ನಿಮ್ಮ ಗುಮಾಸ್ತರು, "ಬೀರು ಹಿಂದೆ ಇಡ್ಬೇಕಲ್ಲ ಮೇಡಂ, ಅಲ್ಲಿರೋ ಜಾಗಾನೇ ಅಷ್ಟು" ಅಂದರು. ನಡುವೆ ಮಡಚುವ ಆರಡಿಯದೂ ಅದೇ ಜಾಗದಲ್ಲಿ ಹಿಡಿಯುತ್ತಿತ್ತು ಎಂಬುದು ಯಾರಿಗೂ ಹೊಳೆಯಲಿಲ್ಲ. ಮೆಟ್ಟಿಲು ಬಿಟ್ಟು ಬೀರು ಅಳೆದು ರ‍್ಯಾಂಪ್ ಕೊಂಡ ಶಾಲೆಯಲ್ಲಿ ನನ್ನ ಮಗಳು ಗಣಿತ ಕಲಿಯುತ್ತಿದ್ದಾಳೆ.

ಇನ್ನು ಅದರ ಆರೈಕೆ. ಮರಳು ಗುಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಕೀಲುಗಳ ಸ್ಕ್ರೂ ಸಡಿಲವಾಗಿದೆಯೇ ನೋಡಿದರೆ ಸಾಕು ಎಂದಿದ್ದೆ. ನಿಮ್ಮ ಆಯಾ, ಪಾಪ, ಪೋಷಕರೆಲ್ಲ ಬರುತ್ತಾರೆಂದು ನೆಲಕ್ಕೆ ಹಚ್ಚುವ ಮೇಣವನ್ನೇ ಅದಕ್ಕೂ ತಿಕ್ಕಿದ್ದರು. "ನಿಮಗೋಸ್ಕರಾನೇ ಫಳಫಳ ಅನ್ಸಿದೀನಕ್ಕ" ಅಂದರು. ಜವಾನರು ತಳ್ಳಿದರು, ಅವರ ಚಪ್ಪಲಿ ಜಾರಿತು, ನನ್ನ ಕುರ್ಚಿ ಹಿಂದಕ್ಕೆ ವಾಲಿತು, ನಾಲ್ವರು ತಂದೆಯರು ಓಡಿಬಂದು ನನ್ನನ್ನು ಮೂಟೆಯಂತೆ ಹಿಡಿದುಕೊಂಡರು. ಅಂದಿನಿಂದ ನಿಮ್ಮ ಆದೇಶದಂತೆ, "ಸುರಕ್ಷತೆಯ ದೃಷ್ಟಿಯಿಂದ", ರ‍್ಯಾಂಪ್ ಸಾಮಾನಿಗೆ ಉಂಟು, ಮನುಷ್ಯರಿಗಿಲ್ಲ. ತಪ್ಪು ಮೂರಡಿಯದು, ಮೇಣದ್ದು, ಶಿಕ್ಷೆ ನನಗೆ. ಇದು ಯಾವ ಊರಿನ ನ್ಯಾಯ?

ಸ್ಪೀಕರ್ ಹಾಳಾಗಿ ಹೋಗಲಿ. ನನ್ನ ನಿಜವಾದ ಹೊಟ್ಟೆಕಿಚ್ಚು ನನ್ನ ಓರಗಿತ್ತಿಯ ಮೇಲೆ. ಈಗ ನನ್ನ ಬದಲು ಸಭೆಯೊಳಗೆ ಹೋಗುವವಳು ಅವಳು. ಒಳ್ಳೆಯವಳು, ಕೆಟ್ಟವಳಾಗಿದ್ದರೆ ನನಗೆಷ್ಟೋ ಅನುಕೂಲವಾಗುತ್ತಿತ್ತು. ಕೈಚೀಲ ಬೀಸಿಕೊಂಡು ಎರಡು ಮೆಟ್ಟಿಲು ಹತ್ತಿಬಿಡುತ್ತಾಳೆ, ಹತ್ತಿದ್ದು ಅವಳ ಗಮನಕ್ಕೂ ಬರುವುದಿಲ್ಲ. ಆಮೇಲೆ ಗಣಿತದ ಮೇಷ್ಟ್ರು ಕೆಮ್ಮಿದ್ದರಿಂದ ಹಿಡಿದು ಎಲ್ಲವನ್ನೂ ನನಗೆ ಅಭಿನಯಿಸಿ ತೋರಿಸುತ್ತಾಳೆ. "ಅಕ್ಕಾ, ನಮ್ಮ ಪುಟ್ಟಿ ಕ್ಲಾಸಲ್ಲಿ ಬಾಯೇ ಬಿಡಲ್ವಂತೆ, ಗೊತ್ತಾ ನಿಮ್ಗೆ?" ಗೊತ್ತಿರಲಿಲ್ಲ. ಹೆತ್ತ ಮಗಳ ಸುದ್ದಿಯನ್ನು ಇನ್ನೊಬ್ಬರ ಬಾಯಿಂದ ಕೇಳಿ, ಮೇಲೊಂದು ಥ್ಯಾಂಕ್ಸ್ ಬೇರೆ ಹೇಳಬೇಕು. ಈಗೀಗ ಮಗಳು ಶಾಲೆಯಿಂದ ಬಂದವಳೇ ಚೀಲ ಇಳಿಸುವ ಮೊದಲು ಚಿಕ್ಕಮ್ಮನ ಕೋಣೆಗೆ ಓಡುತ್ತಾಳೆ. ಒಳಗಿಂದ ನಗು ಕೇಳಿಸುತ್ತದೆ. ನಾನು ಬಾಗಿಲಿಗೆ ಹೋದರೆ ಇಬ್ಬರೂ "ಏನಿಲ್ಲ" ಅನ್ನುತ್ತಾರೆ. ನಾನು ಕುರ್ಚಿ ತಿರುಗಿಸಿಕೊಂಡು ಬರುತ್ತೇನೆ.

ಬರುವ ಶನಿವಾರದ ಸಭೆಗೆ ನೀವು ಕಳಿಸಿದ ಚೀಟಿಯಲ್ಲಿ, "ಬರುವವರು" ಎಂಬಲ್ಲಿ, ಮಗಳು ನನ್ನನ್ನು ಕೇಳದೆಯೇ ಚಿಕ್ಕಮ್ಮನ ಹೆಸರು ಬರೆದಿದ್ದಾಳೆ. "ನಾನಿಲ್ವೇನೇ?" ಎಂದೆ. ತಲೆ ಎತ್ತದೆ ಹೇಳಿದಳು: "ನೀನು ಬಂದ್ರೆ ಎಲ್ರೂ ನಿನ್ನ ಎತ್ತೋಕೇ ಓಡ್ತಾರಮ್ಮ. ಆಮೇಲೆ ನನ್ ಬಗ್ಗೆ ಯಾರೂ ಮಾತಾಡಲ್ಲ."

ಮಾನ್ಯರೇ, ಮಗು ಹೇಳಿದ್ದು ನಿಜ. ನಾನು ಬೀಳುವುದರಲ್ಲಿದ್ದ ದಿನ ಕುರ್ಚಿ, ಮೇಣ, ಜವಾನರ ಚಪ್ಪಲಿ ಇವುಗಳ ಮಾತಿನಲ್ಲೇ ಸಭೆಯ ಹೊತ್ತು ಮುಗಿಯಿತು. ಅವಳು ಅಂಕಪಟ್ಟಿ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಕೊಂಡಾದರೂ ಸರಿ, ಎರವಲು ತಂದಾದರೂ ಸರಿ, ಶನಿವಾರ ಆರಡಿಯ ರ‍್ಯಾಂಪ್ ಹಾಕಿಸಿಡಿ, ಮೇಣ ಹಚ್ಚದೆ. ಸ್ವಾಗತ ಬೇಡ, ಫೋಟೋ ಬೇಡ, ಓಡಿಬರುವ ತಂದೆಯರಂತೂ ಬೇಡವೇ ಬೇಡ. ಹಿಂದಿನಿಂದ ನನ್ನ ಓರಗಿತ್ತಿ ತಳ್ಳುತ್ತಾಳೆ, ಗಟ್ಟಿ ಕೈ. ಆಮೇಲೆ ಅವಳು ಮನೆಗೆ ಹೋಗಲಿ. ನಾನು ಒಳಗೆ ಬಂದದ್ದನ್ನು ಯಾರೂ ತಿರುಗಿ ನೋಡಬಾರದು. ಮೇಷ್ಟ್ರುಗಳೆಲ್ಲ ನನ್ನ ಮಗಳ ಬಗ್ಗೆ ಮಾತ್ರ ಮಾತಾಡಲಿ. ಒಳ್ಳೆಯದೋ ಕೆಟ್ಟದ್ದೋ, ಒಮ್ಮೆಯಾದರೂ ಅದು ಮೊದಲು ನನ್ನ ಕಿವಿಗೆ ಬೀಳಲಿ.

ಇಂತಿ,
ನಿಮ್ಮ ಚೀಟಿಯಲ್ಲಿ ಹೆಸರಿಲ್ಲದ
ಹೆತ್ತ ತಾಯಿ