ಅವ್ವನ ದನಿ ಸಿಕ್ಕಿತು

ಸಿಂದಗಿ
೧೭ ನವೆಂಬರ್ ೨೦೨೪

ಪ್ರೀತಿಯ ತಮ್ಮ ಶಾನವಾಜನಿಗೆ ಅಕ್ಕ ಶಬಾನಾಳ ದುವಾ.

ಹೇಗಿದ್ದೀ? ಗೋವಾದ ಉಪ್ಪುಗಾಳಿಗೆ ನಿನ್ನ ಕೆಮ್ಮು ಮತ್ತೆ ಏಳಲಿಲ್ಲ ತಾನೆ? ದೋಣಿಗಳ ಇಂಜಿನ್ ರಿಪೇರಿಯಲ್ಲಿ ಮುಳುಗಿ ಊಟ ಮರೆಯಬೇಡ. ಕಳಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮುಗಿದಿದ್ದರೆ ತಿಳಿಸು, ಮತ್ತೆ ಬಸ್ಸಿಗೆ ಹಾಕುತ್ತೇನೆ. ಅವ್ವನ ಗಂಟಲಿನ ಗಾಯ ಪೂರ್ತಿ ಮಾಗಿದೆ ಎಂದು ಸೊಲ್ಲಾಪುರದ ಡಾಕ್ಟರು ಹೇಳಿದರು. ದನಿ ಮಾತ್ರ ತಿರುಗಿ ಬರುವುದಿಲ್ಲವಂತೆ, ಉಳಿದಿರುವುದು ಪಿಸುಮಾತಷ್ಟೇ. ಆದರೂ ದೇವರ ಹಿಪ್ಪರಗಿ ಸಂತೆಗೆ ಬಳೆ ಮಾರಲು ಹೋಗುವುದನ್ನು ಬಿಟ್ಟಿಲ್ಲ. ಬೇಡವೆಂದರೆ ಕೇಳುವ ಹೆಂಗಸೇ ಅವಳು!

ಈ ವಾರದ ದೊಡ್ಡ ಸುದ್ದಿ ಲ್ಯಾಪ್‌ಟಾಪಿನದು. ಆಪರೇಷನ್ನಿಗೆ ಮುಂಚೆ ನೀನು ಅದಕ್ಕೆ ಮೈಕು ಸಿಕ್ಕಿಸಿ, ಅವ್ವ ಬಳೆ ತೊಡಿಸುವಾಗ ಹಾಡುತ್ತಿದ್ದ ಪದಗಳನ್ನೆಲ್ಲ ರೆಕಾರ್ಡ್ ಮಾಡಿಟ್ಟಿದ್ದೆಯಲ್ಲ, ಅದೇ. ಕಾಲೇಜಿನಿಂದ ಬಂದು ಚಾಲೂ ಮಾಡಿದರೆ ಕಪ್ಪು ಪರದೆಯ ಮೇಲೆ ಒಂದೇ ಸಾಲು: ಹಾರ್ಡ್ ಡಿಸ್ಕ್ ಸಿಗುತ್ತಿಲ್ಲ. ಪದಗಳ ನಕಲು ಬೇರೆಲ್ಲೂ ಇರಲಿಲ್ಲ. ದಿನವೂ ಮಕ್ಕಳಿಗೆ ಕಂಪ್ಯೂಟರ್ ಪಾಠದಲ್ಲಿ ಹೇಳಿಕೊಡುವುದನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದೆ. ಬಂದ್ ಮಾಡಿ, ಚಾರ್ಜರ್ ಕಿತ್ತು, ಮತ್ತೆ ಹಚ್ಚಿದೆ. ಅದೇ ಸಾಲು. ಸೆಟ್ಟಿಂಗ್ ಪರದೆಗೆ ಹೋಗಿ ನೋಡಿದರೆ ಬ್ಯಾಟರಿ ಇದೆ, ಮೆಮೊರಿ ಇದೆ, ಡಿಸ್ಕಿನ ಜಾಗ ಮಾತ್ರ ಖಾಲಿ. ಹಿಂದಿನ ಮುಚ್ಚಳ ಬಿಚ್ಚಿ, ಡಿಸ್ಕಿಗೆ ಹೋಗುವ ಪಟ್ಟಿಯಂಥ ಕೇಬಲ್ ತೆಗೆದು, ಒರೆಸಿ, ಒತ್ತಿ ಕೂರಿಸಿದೆ. ಆಗಲೂ ಇಲ್ಲ. ಕಿವಿ ಹಚ್ಚಿ ಕೇಳಿದರೆ ಡಿಸ್ಕು ತಿರುಗುವ ಸದ್ದೇ ಇರಲಿಲ್ಲ. ಸದ್ಯ, ಒಳಗೆ ಮುರಿದ ಡಿಸ್ಕು ಮಾಡುವ ಕಟಕಟ ಸದ್ದೂ ಇರಲಿಲ್ಲ. ಅಷ್ಟರ ಮೇಲೆ ಆಸೆ ಇಟ್ಟುಕೊಂಡೆ.

ಮರುದಿನ ಬಸ್‌ ಸ್ಟ್ಯಾಂಡ್ ಹತ್ತಿರದ ದುಂಡೇಶನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಒಯ್ದೆ. ಅವನು, "ಮ್ಯಾಲಿಂದ ಮ್ಯಾಲೆ ಚಾಲೂ ಮಾಡಬ್ಯಾಡ್ರಿ ಅಕ್ಕಾರ, ಡಿಸ್ಕಿಗಿ ಪೆಟ್ಟ ಬಿದ್ದಿದ್ರ ಇನ್ನಷ್ಟು ಹಾಳಾಗತೈತಿ" ಎಂದ. ಡಿಸ್ಕನ್ನು ಹೊರಗೆ ತೆಗೆದು, ಬೇರೆ ಡಬ್ಬಿಯೊಳಗೆ ಕೂರಿಸಿ, ಅವನ ಕಂಪ್ಯೂಟರಿಗೆ ಜೋಡಿಸಿದೆವು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಡಬ್ಬಿಯ ಮೇಲಿಟ್ಟ ಬೆರಳಿಗೆ ಡಿಸ್ಕು ತಿರುಗುವ ಸಣ್ಣ ನಡುಕ ತಾಗಿತು, ಪರದೆಯ ಮೇಲೆ ಒಂದೊಂದೇ ಫೋಲ್ಡರ್ ಬಂದವು. ಕೆಟ್ಟಿದ್ದು ಡಿಸ್ಕಲ್ಲ, ಕೇಬಲ್. ಅಂಗಡಿಯಲ್ಲೇ ಕುಳಿತು ಕಣ್ಣೊರೆಸಿಕೊಂಡೆ. ಮೊದಲು ಪದಗಳ ನಕಲು ಮಾಡಿಕೊಂಡು ಆಮೇಲೆ ಹೊಸ ಕೇಬಲ್ ಹಾಕಿಸಿದೆ.

ಮನೆಗೆ ಬಂದು ಪದಗಳನ್ನು ದೊಡ್ಡ ದನಿಯಲ್ಲಿ ಹಚ್ಚಿದೆ. ಪಕ್ಕದ ಮನೆಯ ಗುರವ್ವ ಓಡಿ ಬಂದಳು. ಸಂತೆಯ ಗದ್ದಲವನ್ನೇ ಸೀಳುತ್ತಿದ್ದ ಅವ್ವನ ಆ ಗಂಟಲು! ನಾವಿಬ್ಬರೂ ಗಳಗಳ ಅತ್ತೆವು. "ಇನ್ನೊಮ್ಮೆ ಹಚ್ಚ ಶಬಾನಾ" ಎಂದಳು ಗುರವ್ವ. ಒಳಗೆ ಬಳೆ ಜೋಡಿಸುತ್ತಿದ್ದ ಅವ್ವ ಎದ್ದು ಬಂದು ಲ್ಯಾಪ್‌ಟಾಪನ್ನು ಮುಚ್ಚಿಬಿಟ್ಟಳು. "ಸತ್ತವರ ಪದ ಕೇಳಿದಂಗ ಯಾಕ ಅಳಾಕತ್ತೀರಿ? ನಾ ಇಲ್ಲೇ ಅದೇನಿ" ಎಂದಳು. ಆಮೇಲೆ ಗುರವ್ವನ ಕೈ ಎಳೆದುಕೊಂಡು, ಹಸಿರು ಬಳೆ ಏರಿಸುತ್ತ, ಅದೇ ಪದವನ್ನು ಪಿಸುಮಾತಿನಲ್ಲೇ ಹೇಳಿದಳು. ಬಾಯಿಯ ಹತ್ತಿರ ಕಿವಿ ಒಯ್ದರೆ ಪೂರ್ತಿ ಕೇಳುತ್ತದೆ ಶಾನು, ಒಂದು ಅಕ್ಷರವೂ ತಪ್ಪುವುದಿಲ್ಲ. ಸಂತೆಯಲ್ಲೂ ಹೆಂಗಸರು ಹಾಗೇ ಬಗ್ಗಿ ಕೇಳುತ್ತಾರಂತೆ. ಡಿಸ್ಕಿಗಾಗಿ ಅಷ್ಟು ಒದ್ದಾಡಿದ ನಾನು ಇಷ್ಟು ದಿನ ಒಮ್ಮೆಯೂ ಬಗ್ಗಿರಲಿಲ್ಲ.

ಹುಷಾರಾಗಿರು. ನಿನ್ನ ಕೈಗೆ ಬರಕತ್ತು, ಮೈಗೆ ಆರೋಗ್ಯ ಇರಲಿ ಎಂದು ಅವ್ವ ಹರಸಿದ್ದಾಳೆ.

ನಿನ್ನ ಅಕ್ಕ,
ಶಬಾನಾ

ತಾ.ಕ.: ಫೋನಿನಲ್ಲಿ ಹೇಳಿದರೆ ಅವ್ವನಿಗೆ ಕೇಳುತ್ತದೆ, ಅದಕ್ಕೇ ಈ ಕಾಗದ. ಆಪರೇಷನ್ ಆದಾಗಿನಿಂದ ನೀನು "ಅವ್ವ ಹ್ಯಾಂಗದಾಳ?" ಎಂದು ನನ್ನನ್ನೇ ಕೇಳಿ ಫೋನ್ ಇಟ್ಟುಬಿಡುತ್ತೀ. ಅವಳ ಆ ಪಿಸುಮಾತು ಕೇಳುವ ಧೈರ್ಯ ನಿನಗಿಲ್ಲ ಎಂದು ನನಗೆ ಗೊತ್ತು. ಅವಳಿಗೆ ಗೊತ್ತಿಲ್ಲ. ನಿನ್ನೆ ಕೇಳಿದಳು, "ಶಾನು ನನ್ನ ಮ್ಯಾಲೆ ಸಿಟ್ಟಾಗ್ಯಾನೇನ?" ಈ ಸಲ ಫೋನ್ ಅವಳ ಕೈಗೇ ಕೊಡಿಸು. ಇಂಜಿನ್ ಸದ್ದಿಲ್ಲದ ಕಡೆ ನಿಂತು ಮಾಡು.